ಕೆಂಪುಕಲ್ಲಿನಿಂದ ಹಂಚಿನ ಮಾಡಿನವರೆಗೆ: ಮನೆ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಕಳೆದು ಅಡಕೆ ಕೊಯ್ಲು ಶುರುವಾಗುವ ಹೊತ್ತಿಗೆ ಕಾಸರಗೋಡಿನ ಕಡೆಯಿಂದ ಮನೆ ಕಟ್ಟುವವರ ಪತ್ರಗಳು ಹೆಚ್ಚಾಗುತ್ತವೆ. ಈ ಸಲ ಬಂದವುಗಳಲ್ಲಿ ಸಾಮಗ್ರಿಯ ಆಯ್ಕೆಗೆ ಸಂಬಂಧಿಸಿದವನ್ನು ಮಾತ್ರ ತೆಗೆದುಕೊಂಡಿದ್ದೇನೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುವ ನಾಡು ನಮ್ಮದು. ಆದ್ದರಿಂದ ಕಲ್ಲಿನ ಬಗ್ಗೆ ಕೇಳಿದರೂ ಮರದ ಬಗ್ಗೆ ಕೇಳಿದರೂ ನಾನು ಮೊದಲು ನೋಡುವುದು ಅದರೊಳಗೆ ನೀರು ಎಷ್ಟು ಇಳಿಯುತ್ತದೆ, ಇಳಿದ ನೀರು ಹೇಗೆ ಹೊರಗೆ ಬರುತ್ತದೆ ಎಂಬುದನ್ನು. ಮುಂದಿನ ಉತ್ತರಗಳನ್ನೆಲ್ಲ ಈ ದೃಷ್ಟಿಯಿಂದಲೇ ಬರೆದಿದ್ದೇನೆ.

ಪ್ರಶ್ನೆ: ನಮ್ಮ ಜಾಗದಲ್ಲಿ ಸುಮಾರು 1200 ಚದರ ಅಡಿಯ ಒಂದಂತಸ್ತಿನ ಮನೆ ಕಟ್ಟಿಸಬೇಕೆಂದಿದ್ದೇವೆ. ಈಗ ಸಿಗುವ ಕೆಂಪುಕಲ್ಲಿಗೆ ಗಟ್ಟಿತನವಿಲ್ಲ, ಸಿಮೆಂಟ್ ಬ್ಲಾಕ್ ಅಥವಾ ಒಳಗೆ ಗಾಳಿಗುಳ್ಳೆಗಳಿರುವ, ಹಗುರವಾದ ಎಎಸಿ ಬ್ಲಾಕ್ ಹಾಕೋಣ ಎಂದು ಗುತ್ತಿಗೆದಾರರು ಹೇಳುತ್ತಾರೆ. ಮನೆಯ ಹಿರಿಯರಿಗೆ ಕೆಂಪುಕಲ್ಲೇ ಆಗಬೇಕು. ಯಾವುದು ಸರಿ? ಒಳ್ಳೆಯ ಕಲ್ಲನ್ನು ಗುರುತಿಸುವುದು ಹೇಗೆ? (ಓದುಗರೊಬ್ಬರು, ಬದಿಯಡ್ಕ)

ಉತ್ತರ: ಒಂದಂತಸ್ತಿನ ಮನೆಗೆ, ಗೋಡೆಯೇ ಮಾಡಿನ ಭಾರ ಹೊರುವುದಾದರೆ, ನನ್ನ ಆಯ್ಕೆ ಕೆಂಪುಕಲ್ಲು. ಆದರೆ ಗುತ್ತಿಗೆದಾರರ ಮಾತನ್ನೂ ತಳ್ಳಿಹಾಕುವಂತಿಲ್ಲ. ಈಗ ಕಲ್ಲಿನ ಕೋರೆಗಳಲ್ಲಿ ಯಂತ್ರ ಆಳಕ್ಕೆ ಇಳಿದಿದೆ, ಕಡಿದ ಕಲ್ಲು ಅದೇ ವಾರ ಗೋಡೆಯನ್ನೂ ಸೇರುತ್ತಿದೆ. ತೊಂದರೆಯ ಮೂಲ ಇರುವುದು ಈ ಎರಡು ಕಡೆ.

ಫ್ರಾನ್ಸಿಸ್ ಬುಕಾನನ್ ಎಂಬವರು ಮಲಬಾರಿನ ಅಂಗಡಿಪುರದಲ್ಲಿ ಈ ಕಲ್ಲನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟು 1807ರಲ್ಲಿ ಪ್ರಕಟಿಸಿದರು. ನೆಲದೊಳಗೆ ಇರುವಾಗ ಕಬ್ಬಿಣದ ಹತಾರದಿಂದ ಸುಲಭವಾಗಿ ಕಡಿಯಬಹುದಾದಷ್ಟು ಮೆದುವಾದ ಈ ಕಲ್ಲು, ಗಾಳಿಗೆ ತೆರೆದುಕೊಂಡ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವುದನ್ನು ಅವರು ಆಗಲೇ ಗಮನಿಸಿದ್ದರು. ನಮ್ಮ ಹಿರಿಯರಿಗೂ ಇದು ತಿಳಿದಿತ್ತು. ಕಡಿದ ಕಲ್ಲನ್ನು ಅಂಗಳದ ಬದಿಯಲ್ಲಿ ಸಂದು ಬಿಟ್ಟು ಪೇರಿಸಿಟ್ಟು, ತಿಂಗಳುಗಟ್ಟಲೆ ಕಾದು ಬಳಿಕ ಪಂಚಾಂಗದ, ಅಂದರೆ ಅಡಿಪಾಯದ, ಕೆಲಸಕ್ಕೆ ಕೈ ಹಾಕುತ್ತಿದ್ದರು. ಕಲ್ಲಿನೊಳಗಿನ ತೇವ ಆರುತ್ತ ಹೋದಂತೆ ಅದರಲ್ಲಿರುವ ಕಬ್ಬಿಣದ ಅಂಶ ಬಿಗಿಯಾಗಿ ಕಣಗಳನ್ನು ಹಿಡಿದುಕೊಳ್ಳುತ್ತದೆ. ನೀವೂ ಕನಿಷ್ಠ ಎರಡು ಮೂರು ತಿಂಗಳು ಮುಂಚಿತವಾಗಿ ಕಲ್ಲು ತರಿಸಿ ಬಿಸಿಲಿಗೆ, ಗಾಳಿಗೆ ಬಿಡಿ. ಸಾಧ್ಯವಿದ್ದರೆ ಒಂದು ಮಳೆಗಾಲ ಕಳೆಯಲಿ. ಮಳೆಗೆ ಅಂಚು ಕರಗಿದ ಕಲ್ಲು ತಾನಾಗಿಯೇ ನಿಮಗೆ ಗೊತ್ತಾಗುತ್ತದೆ.

ಕೋರೆಗೆ ನೀವೇ ಹೋಗಿ ನೋಡುವುದು ಒಳ್ಳೆಯದು. ಮಲಯಾಳ ಮಾತಾಡುವ ಕೋರೆಯವರು ಅದನ್ನು ಚೆಂಕಲ್ಲು ಎನ್ನುತ್ತಾರೆ. ನಮ್ಮ ಕೆಂಪುಕಲ್ಲು, ಮುರಕಲ್ಲು ಎಲ್ಲವೂ ಅದೇ. ಮೇಲಿನ ಪದರದ ಕಲ್ಲು ಗಾಢ ಕೆಂಪು ಅಥವಾ ಕಂದು ಬಣ್ಣದ್ದಾಗಿದ್ದು ತೂಕವಾಗಿರುತ್ತದೆ. ಕೆಳಕ್ಕೆ ಇಳಿದಂತೆ ಬಣ್ಣ ಹಳದಿಗೆ ತಿರುಗಿ, ತೂತುಗಳಲ್ಲಿ ಬಿಳಿ ಶೇಡಿ ಮಣ್ಣು ತುಂಬಿಕೊಂಡಿರುತ್ತದೆ. ಉಗುರಿನಿಂದ ಕೆರೆದರೆ ಬೆಣ್ಣೆಯಂತೆ ಬರುವ ಆ ಬಿಳಿ ಭಾಗ ಕಲ್ಲಿನ ಕಾಲುಭಾಗವನ್ನು ಆವರಿಸಿದ್ದರೆ ಅದನ್ನು ತೆಗೆದುಕೊಳ್ಳಬೇಡಿ. ಕರಣೆಯ ಹಿಡಿಯಿಂದ ತಟ್ಟಿದಾಗ ಒಳ್ಳೆಯ ಕಲ್ಲು ಖಣಿಲ್ಲೆನ್ನುತ್ತದೆ, ಮೆದು ಕಲ್ಲು ದಬ್ಬೆನ್ನುತ್ತದೆ.

ಕಿವಿಯನ್ನು ನಂಬದವರಿಗೆ ತಕ್ಕಡಿ ಇದೆ. ಚೆನ್ನಾಗಿ ಒಣಗಿದ ಐದಾರು ಕಲ್ಲುಗಳನ್ನು ಆರಿಸಿ ತೂಗಿ, ತೂಕವನ್ನು ಇದ್ದಿಲಿನಿಂದ ಕಲ್ಲಿನ ಮೇಲೆಯೇ ಬರೆಯಿರಿ. ಬಳಿಕ 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ತೆಗೆದು ಮೈ ಒರೆಸಿ ಮತ್ತೆ ತೂಗಿ. ಕೆಂಪುಕಲ್ಲಿಗೆ ಇರುವ ಭಾರತೀಯ ಮಾನಕ ಐಎಸ್ 3620ರ ಪ್ರಕಾರ ಹೀಗೆ ಕುಡಿದ ನೀರು ಕಲ್ಲಿನ ತೂಕದ ಶೇಕಡಾ 12ನ್ನು ಮೀರಬಾರದು. ಅಂದರೆ ಒಣಗಿದಾಗ 25 ಕಿಲೋ ಇದ್ದ ಕಲ್ಲು ನೆನೆದ ಮೇಲೆ 28 ಕಿಲೋಗಿಂತ ಹೆಚ್ಚು ತೂಗಿದರೆ ಆ ಕೋರೆಯ ಕಲ್ಲು ಹೊರಗೋಡೆಗೆ ಬೇಡ. ಅದೇ ಮಾನಕ ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ತಾಳಿಕೆಯನ್ನು ಕೇಳುತ್ತದೆ. ಇದನ್ನು ಪರೀಕ್ಷಿಸಲು ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಕ್ಕೆ ಕಲ್ಲನ್ನು ಒಯ್ಯಬೇಕಾಗುತ್ತದೆ.

ನೆಲದೊಳಗಿನ ತಳಪಾಯಕ್ಕೆ ಮಾತ್ರ ಕೆಂಪುಕಲ್ಲು ಬೇಡ, ಕಪ್ಪು ಕಲ್ಲನ್ನೇ ಹಾಕಿಸಿ. ಅದರ ಮೇಲೆ, ಗೋಡೆ ಏಳುವ ಮೊದಲು, ನೆಲದ ತೇವ ಮೇಲೇರದಂತೆ ಕಾಂಕ್ರೀಟಿನ ಬೆಲ್ಟ್ ಇರಲಿ. ಕಲ್ಲು ಕಟ್ಟುವ ಗಾರೆಯಲ್ಲಿ ಒಂದು ಪಾಲು ಸಿಮೆಂಟಿಗೆ ಆರು ಪಾಲು ಹೊಯಿಗೆ ಸಾಕು. ಗಾರೆ ಕಲ್ಲಿಗಿಂತ ತೀರಾ ಗಡುಸಾದರೆ ಗೋಡೆ ಸ್ವಲ್ಪ ಅಲುಗಿದಾಗ ಬಿರುಕು ಸಂದಿನಲ್ಲಿ ನಿಲ್ಲದೆ ಕಲ್ಲನ್ನೇ ಸೀಳುತ್ತದೆ. ಕಟ್ಟುವ ಮೊದಲು ಕಲ್ಲಿಗೆ ನೀರು ಚಿಮುಕಿಸಲು ಮೇಸ್ತ್ರಿಗೆ ನೆನಪಿಸಿ. ಒಣ ಕಲ್ಲು ಗಾರೆಯ ನೀರನ್ನು ಹೀರಿಬಿಟ್ಟರೆ ಸಿಮೆಂಟ್ ಗಟ್ಟಿಯಾಗಲು ನೀರೇ ಉಳಿಯುವುದಿಲ್ಲ.

ಸಾರಣೆ ಇಲ್ಲದೆ ಕಲ್ಲನ್ನು ಹಾಗೆಯೇ ಬಿಡುವುದು ಈಗಿನ ರೂಢಿ, ನೋಡಲೂ ಚೆಂದ. ಬೇಕಲದ ಕೋಟೆ ಸಮುದ್ರದ ಅಲೆಗೆ ಎದುರಾಗಿ ಹದಿನೇಳನೆಯ ಶತಮಾನದಿಂದ ನಿಂತಿಲ್ಲವೇ ಎಂದು ಕೇಳುವವರಿದ್ದಾರೆ. ಆ ಗೋಡೆಗಳ ದಪ್ಪವನ್ನು ಒಮ್ಮೆ ನೋಡಿ ಬನ್ನಿ. ಅಲ್ಲಿ ನೀರು ಒಂದು ಅಡಿ ಒಳಗಿಳಿದರೂ ಏನೂ ಆಗದು, ನಮ್ಮ ಮನೆಯ ಗೋಡೆಯ ದಪ್ಪವೇ ಒಂದು ಅಡಿಗಿಂತ ಕಡಿಮೆ. ಮಾಡಿನ ಸೂರು ಎರಡೂವರೆ ಮೂರು ಅಡಿ ಹೊರಚಾಚಿದ್ದರೆ ಸಾರಣೆಯಿಲ್ಲದ ಗೋಡೆ ಸರಿ. ಪಡುವಣ ಗಾಳಿಮಳೆ ನೇರವಾಗಿ ಬಡಿಯುವ ಗೋಡೆಗೆ ಸಾರಣೆ ಮಾಡಿಸಿ.

ಸಿಮೆಂಟಿನ ಗಟ್ಟಿ ಬ್ಲಾಕ್ ಕೆಟ್ಟದ್ದೆಂದು ಹೇಳಲಾರೆ; ಅದು ಚೆನ್ನಾಗಿ ನೀರುಣ್ಣಿಸಿ (ಕ್ಯೂರಿಂಗ್) ಮಾಡಿದ್ದಾಗಿರಬೇಕು. ಎಎಸಿ ಬ್ಲಾಕ್ ಬಹಳ ಹಗುರವಾದ್ದರಿಂದ, ಕಾಂಕ್ರೀಟ್ ಕಂಬ ತೊಲೆಗಳಿರುವ ಮನೆಯ ಉಪ್ಪರಿಗೆಯಲ್ಲಿ ಕೋಣೆ ಬೇರ್ಪಡಿಸಲು ಬಹಳ ಅನುಕೂಲ. ನೀರನ್ನು ಬೇಗ ಹೀರುವ ಅದರ ಸ್ವಭಾವದಿಂದಾಗಿ, ನಮ್ಮ ಮಳೆಗೆ ತೆರೆದ ಹೊರಗೋಡೆಗೆ ಅದನ್ನು ನಾನು ಆರಿಸುವುದಿಲ್ಲ.

ಪ್ರಶ್ನೆ: ಅಂಗಡಿಯಲ್ಲಿ 53 ಗ್ರೇಡ್, 43 ಗ್ರೇಡ್, ಪಿಪಿಸಿ ಎಂದು ಮೂರು ಬಗೆಯ ಸಿಮೆಂಟ್ ತೋರಿಸುತ್ತಾರೆ. ಅಂಕೆ ಹೆಚ್ಚಿದ್ದದ್ದೇ ಉತ್ತಮವೇ? (ಓದುಗರೊಬ್ಬರು, ನೀರ್ಚಾಲು)

ಉತ್ತರ: ಆ ಅಂಕೆ ಹೇಳುವುದು 28 ದಿನಗಳಲ್ಲಿ ಬರುವ ತಾಳಿಕೆಯನ್ನು ಮಾತ್ರ. ಮನೆಕೆಲಸಕ್ಕೆ, ಅದರಲ್ಲೂ ನಮ್ಮ ಕರಾವಳಿಗೆ, ಹಾರುಬೂದಿ ಬೆರೆತ ಪಿಪಿಸಿಯೇ ಮೇಲು. ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ಆದರೆ ಕಾಂಕ್ರೀಟಿನೊಳಗಿನ ಸೂಕ್ಷ್ಮ ರಂಧ್ರಗಳು ಹೆಚ್ಚು ಮುಚ್ಚಿಕೊಳ್ಳುವುದರಿಂದ ಉಪ್ಪಿನ ತೇವ ಒಳಸೇರುವುದು ಕಡಿಮೆ. ನಿಧಾನದ ಸಿಮೆಂಟಿಗೆ ನೀರುಣ್ಣಿಸುವುದನ್ನೂ ಹೆಚ್ಚು ದಿನ ಮಾಡಬೇಕು: ಕನಿಷ್ಠ 10 ದಿನ, ಆಗುವುದಾದರೆ 14 ದಿನ. ಮೂರನೆಯ ದಿನಕ್ಕೆ ಪೈಪ್ ಸುತ್ತಿಡುವವರು ಯಾವ ಸಿಮೆಂಟ್ ತಂದರೂ ಒಂದೇ. ಚೀಲದ ಮೇಲಿನ ತಯಾರಿಕೆಯ ವಾರವನ್ನು ಓದಿ, ಮೂರು ತಿಂಗಳು ದಾಟಿದ್ದರೆ ಹಿಂದಕ್ಕೆ ಕೊಡಿ. ತಂದ ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಪೇರಿಸಿ.

ಪ್ರಶ್ನೆ: ನಮ್ಮ ಮನೆ ಸಮುದ್ರದಿಂದ ಅರ್ಧ ಕಿಲೋಮೀಟರ್ ದೂರದಲ್ಲಿದೆ. ಉಪ್ಪರಿಗೆ ಕಟ್ಟಿಸುತ್ತಿದ್ದೇವೆ. ಹೊಳೆಯ ಹೊಯಿಗೆ ಸಿಗುವುದು ಕಷ್ಟ, ದರವೂ ಹೆಚ್ಚು. ಅಳಿವೆಯ ಬಳಿಯ ಹೊಯಿಗೆಯನ್ನು ತೊಳೆದು ಕೊಡುತ್ತೇವೆ ಎಂದು ಒಬ್ಬರು ಹೇಳುತ್ತಿದ್ದಾರೆ. ತೆಗೆದುಕೊಳ್ಳಬಹುದೇ? ಕಲ್ಲು ಪುಡಿಮಾಡಿ ತಯಾರಿಸುವ ಎಂ ಸ್ಯಾಂಡ್ ಬಗ್ಗೆ ನಿಮ್ಮ ಅಭಿಪ್ರಾಯವೇನು? (ಓದುಗರೊಬ್ಬರು, ಕುಂಬಳೆ)

ಉತ್ತರ: ಅಳಿವೆಯ ಹೊಯಿಗೆಯನ್ನು ಮುಟ್ಟಬೇಡಿ. ಇಷ್ಟು ಖಂಡಿತವಾಗಿ ಹೇಳಲು ನನ್ನ ಮನೆಯವರದೇ ಅನುಭವ ಕಾರಣ. ನಮ್ಮ ಅಕ್ಕನ ಮನೆ ಕಟ್ಟುವಾಗ, ತೊಳೆದದ್ದು ಎಂಬ ಮಾತನ್ನು ನಂಬಿ ಇಂಥದೇ ಹೊಯಿಗೆಯನ್ನು ಇಳಿಸಿಕೊಂಡಿದ್ದರು. ಏಳೆಂಟು ವರ್ಷಗಳವರೆಗೆ ಏನೂ ಕಾಣಲಿಲ್ಲ. ಬಳಿಕ ಮಲಗುವ ಕೋಣೆಯ ಕಿಟಕಿಯ ಮೇಲಿನ ಸನ್‌ಶೇಡಿನ ಅಡಿಯಲ್ಲಿ, ಸರಳು ಹಾದುಹೋದ ದಾರಿಯಲ್ಲೇ, ಚಹಾದ ಕಲೆಯಂಥ ಒಂದು ಗೆರೆ ಮೂಡಿತು. ಮುಂದಿನ ಮಳೆಗಾಲದಲ್ಲಿ ಅಂಗೈಯಗಲದ ಚಕ್ಕೆ ಬಿತ್ತು. ಏಣಿ ಹತ್ತಿ ನೋಡಿದರೆ ಸರಳು ಈರುಳ್ಳಿಯಂತೆ ಪದರ ಪದರವಾಗಿತ್ತು. ಕೀಲಿಕೈಯಿಂದ ಕೆರೆದಾಗ ತುಕ್ಕು ಉದುರಿ, 10 ಮಿಲಿಮೀಟರಿನ ಸರಳಿನಲ್ಲಿ ಸೀಸಕಡ್ಡಿಯಷ್ಟು ಕಬ್ಬಿಣ ಉಳಿದಿತ್ತು. ಉಪ್ಪಿನಲ್ಲಿರುವ ಕ್ಲೋರೈಡ್ ಕಬ್ಬಿಣದ ರಕ್ಷಣೆಯ ಪೊರೆಯನ್ನು ಒಡೆಯುತ್ತದೆ, ಹಾಗೆ ಹುಟ್ಟಿದ ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಹೊರಗಿನಿಂದ ಬಂದ ನೀರನ್ನು ತಡೆಯಬಹುದು; ಕಲಸುವಾಗಲೇ ಒಳಸೇರಿದ ಉಪ್ಪನ್ನು ತೆಗೆಯುವ ದಾರಿ ಮನೆಯವರ ಕೈಯಲ್ಲಿಲ್ಲ. ಆ ಸನ್‌ಶೇಡುಗಳನ್ನೆಲ್ಲ ಒಡೆಸಿ ಹೊಸದಾಗಿ ಕಟ್ಟಿಸಬೇಕಾಯಿತು.

ಎಂ ಸ್ಯಾಂಡನ್ನು ಧೈರ್ಯವಾಗಿ ಬಳಸಬಹುದು. 2016ರಲ್ಲಿ ಪರಿಷ್ಕರಿಸಿದ ಐಎಸ್ 383 ಮಾನಕದಲ್ಲಿ ಅದಕ್ಕೆ ಸ್ಥಾನವಿದೆ. ಆದರೆ ಎಂ ಸ್ಯಾಂಡ್ ಎಂಬ ಹೆಸರಿನಲ್ಲಿ ಕ್ರಷರಿನ ಪುಡಿಯೂ ಬರುತ್ತದೆ. ಜಲ್ಲಿ ಒಡೆಯುವಾಗ ಉಳಿದ ಆ ಪುಡಿಯಲ್ಲಿ ಚೂಪಾದ ಚಪ್ಪಟೆ ಚೂರುಗಳೂ ಹಿಟ್ಟಿನಂಥ ಧೂಳೂ ಹೆಚ್ಚು. ಒಂದು ಹಿಡಿ ತೆಗೆದು ಅಂಗೈಯಲ್ಲಿ ತಿಕ್ಕಿ ಕೊಡವಿದಾಗ ಕೈ ಬೂದಿ ಬಳಿದಂತಾದರೆ ಅದು ತೊಳೆದ ಎಂ ಸ್ಯಾಂಡ್ ಅಲ್ಲ. ಸಾರಣೆಗೆ ಇನ್ನೂ ನಯವಾದ ಪಿ ಸ್ಯಾಂಡ್ ಎಂಬುದು ಬೇರೆಯೇ ಇದೆ. ಕಾಂಕ್ರೀಟಿಗೆ ತಂದದ್ದನ್ನು ಸಾರಣೆಗೆ, ಸಾರಣೆಯದನ್ನು ಕಾಂಕ್ರೀಟಿಗೆ ಬಳಸಲು ಬಿಡಬೇಡಿ. ಹೊಳೆಯ ಹೊಯಿಗೆ ಸಿಕ್ಕಿದರೆ ಗಾಜಿನ ಬಾಟಲಿಯಲ್ಲಿ ಅರ್ಧದಷ್ಟು ಹೊಯಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಮೂರು ಗಂಟೆ ಅಲುಗಿಸದೆ ಇಡಿ. ಮೇಲೆ ನಿಂತ ಕೆಸರಿನ ಪದರ ಹೊಯಿಗೆಯ ಎತ್ತರದ ಶೇಕಡಾ 8ನ್ನು ಮೀರಬಾರದೆಂಬುದು ಕೆಲಸದವರ ರೂಢಿ.

ನಿಮ್ಮ ಬಾವಿಯ ನೀರು ಬೇಸಗೆಯಲ್ಲಿ ಉಪ್ಪಾಗುತ್ತದೆಯೇ ಎಂಬುದನ್ನು ನೀವು ಬರೆದಿಲ್ಲ. ಸರಳು ಹಾಕುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಕಾಂಕ್ರೀಟ್ ಕೆಲಸದ ಮಾನಕ ಐಎಸ್ 456. ಏಪ್ರಿಲ್ ಮೇ ತಿಂಗಳಿನ ನೀರನ್ನೇ ಪರೀಕ್ಷೆಗೆ ಕೊಡಿ, ಅಕ್ಟೋಬರಿನದನ್ನು ಕೊಟ್ಟು ಸಮಾಧಾನಪಡಬೇಡಿ.

ಸರಳಿನ ವಿಷಯದಲ್ಲಿ ಹೆಸರಾಂತ ಕಂಪನಿಯದ್ದೇ ಎಂಬ ಹಟಕ್ಕಿಂತ ತೂಕ ನೋಡುವುದು ಉಪಯುಕ್ತ. 8 ಮಿಲಿಮೀಟರಿನ ಸರಳು ಮೀಟರಿಗೆ 395 ಗ್ರಾಂ, 12 ಮಿಲಿಮೀಟರಿನದು 888 ಗ್ರಾಂ ತೂಗಬೇಕು. ಎಫ್‌ಇ 500ಡಿ ದರ್ಜೆಯದ್ದು ಮನೆಗೆ ಸಾಕು. ಅದಕ್ಕಿಂತ ಮುಖ್ಯವಾದದ್ದು ಸರಳಿನ ಮೇಲೆ ಕಾಂಕ್ರೀಟಿನ ಹೊದಿಕೆ. ಕರಾವಳಿಯ ಗಾಳಿಗೆ ತೆರೆದ ಭಾಗಗಳನ್ನು ಐಎಸ್ 456 ತೀವ್ರ ಪರಿಸರವೆಂದು ಪರಿಗಣಿಸಿ, 45 ಮಿಲಿಮೀಟರ್ ಹೊದಿಕೆಯನ್ನೂ ಎಂ 30 ದರ್ಜೆಯ ಕಾಂಕ್ರೀಟನ್ನೂ ಹೇಳುತ್ತದೆ. ಸರಳಿನ ಕೆಳಗೆ ಜಲ್ಲಿಯ ಚೂರು ತುರುಕುವುದನ್ನು ನಿಲ್ಲಿಸಿ, ಕಾಂಕ್ರೀಟಿನ ಕವರ್ ಬ್ಲಾಕುಗಳನ್ನು ಇಡಿಸಿ. ಅಷ್ಟರಮಟ್ಟಿಗೆ ಕಾಂಕ್ರೀಟ್ ಹಾಕುವ ದಿನ ನೀವೇ ಮಾಡಿನ ಮೇಲೆ ನಿಂತು ನೋಡಬೇಕು.

ಪ್ರಶ್ನೆ: ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ ನಮ್ಮ ನೆಲ ಜೂನ್ ಬಂತೆಂದರೆ ಬೆವರುತ್ತದೆ. ವಯಸ್ಸಾದ ಅಮ್ಮ ಒಮ್ಮೆ ಜಾರಿಬಿದ್ದಿದ್ದಾರೆ. ಬೇರೆ ಏನು ಹಾಕಬಹುದು? (ಓದುಗರೊಬ್ಬರು, ಮುಳ್ಳೇರಿಯ)

ಉತ್ತರ: ಅದು ನೆಲದಡಿಯಿಂದ ಬಂದ ನೀರಲ್ಲ. ತಂಪಾದ ನುಣುಪು ಮೇಲ್ಮೈಗೆ ಮಳೆಗಾಲದ ಗಾಳಿಯ ತೇವ ತಾಗಿ ಹನಿಗಟ್ಟುತ್ತದೆ. ವಿಟ್ರಿಫೈಡ್ ಟೈಲ್ಸ್ ನೀರನ್ನು ಹೀರುವುದೇ ಇಲ್ಲವಾದ್ದರಿಂದ ಹನಿ ಮೇಲೆಯೇ ನಿಲ್ಲುತ್ತದೆ. ಸುಟ್ಟ ಮಣ್ಣಿನ ನೆಲದ ಹಂಚು ಆ ತೇವವನ್ನು ಒಳಕ್ಕೆಳೆದುಕೊಂಡು ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಅಮ್ಮನ ಕೋಣೆಗೂ ಅಲ್ಲಿಂದ ಬಚ್ಚಲಿಗೆ ಹೋಗುವ ದಾರಿಗೂ ನಾನು ಮಣ್ಣಿನ ಹಂಚನ್ನೇ ಸೂಚಿಸುತ್ತೇನೆ. ಬಚ್ಚಲಿಗೆ ಮತ್ತು ಜಗಲಿಯ ಮೆಟ್ಟಿಲಿಗೆ ಒರಟು ಮೈಯ ಟೈಲ್ಸ್ ಅಥವಾ ಉಜ್ಜಿ ಹೊಳಪು ಕೊಡದ ಗ್ರಾನೈಟ್ ಆಗಬಹುದು. ಹಳೆಯ ಕಾಲದ ಕಾವಿ ನೆಲ ಕಾಲಿಗೆ ಬಹಳ ಹಿತ, ಆದರೆ ಅದನ್ನು ಬಿರುಕಿಲ್ಲದೆ ಎರೆಯಬಲ್ಲ ಕೈ ಸಿಕ್ಕಿದರೆ ಮಾತ್ರ ಆ ಯೋಚನೆ ಮಾಡಿ.

ಪ್ರಶ್ನೆ: ನಮ್ಮದು 70 ವರ್ಷ ದಾಟಿದ ಮನೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕೆಂಪುಕಲ್ಲಿನ ಗೋಡೆ, ಹಲಸಿನ ಪಕ್ಕಾಸು (ಮಾಡಿನ ಇಳಿಜಾರು ತೊಲೆ), ಮಂಗಳೂರು ಹಂಚು. ಅಲ್ಲಲ್ಲಿ ಸೋರುತ್ತದೆ, ಕೆಲವು ಪಕ್ಕಾಸುಗಳಿಗೆ ಒರಲೆ ಹಿಡಿದಿದೆ. ಮಾಡು ತೆಗೆದು ತಾರಸಿ ಹಾಕಿಸೋಣ ಎಂದು ಮಗ ಹೇಳುತ್ತಾನೆ. ಕಬ್ಬಿಣದ ಪೈಪಿನ ಚೌಕಟ್ಟು ಮಾಡಿ ಹಂಚನ್ನೇ ಹೊದೆಸಬಹುದೆಂದು ವೆಲ್ಡಿಂಗಿನವರು ಹೇಳುತ್ತಾರೆ. ಏನು ಮಾಡಲಿ? (ಓದುಗರೊಬ್ಬರು, ಪೆರ್ಲ)

ಉತ್ತರ: ಆ ಗೋಡೆಯ ಮೇಲೆ ತಾರಸಿ ಹಾಕಿಸಲೇಬಾರದು. ಮಗನಿಗೆ ಈ ಲೆಕ್ಕವನ್ನು ತೋರಿಸಿ. ಒಂದು ಚದರ ಮೀಟರ್ ಮಾಡಿಗೆ ಸುಮಾರು 15 ಹಂಚು ಬೇಕು. ಪಕ್ಕಾಸನ್ನೂ ಹಂಚು ಕೂರುವ ಅಡ್ಡಪಟ್ಟಿಗಳಾದ ರೀಪುಗಳನ್ನೂ ಸೇರಿಸಿದರೆ ಒಟ್ಟು ಭಾರ 60 ಕಿಲೋದ ಆಸುಪಾಸು. ಐದು ಇಂಚಿನ ಕಾಂಕ್ರೀಟ್ ತಾರಸಿಯಾದರೆ ಅಷ್ಟೇ ಜಾಗಕ್ಕೆ 300 ಕಿಲೋ ಮೀರುತ್ತದೆ. ಮಣ್ಣಿನ ಗಾರೆಯ ಗೋಡೆ ಮೊದಲಿನ ಭಾರಕ್ಕೆ ಒಗ್ಗಿ ಕೂತಿದೆ. ಐದು ಪಟ್ಟು ಭಾರವನ್ನು ಅದರ ತಲೆಗೆ ಹೇರಿದರೆ ಬಾಗಿಲು ಕಿಟಕಿಗಳ ಮೂಲೆಯಿಂದ ಬಿರುಕು ಬಿಡುತ್ತದೆ.

ಮೊದಲು ಸೋರುವ ಜಾಗಗಳನ್ನು ಮಳೆ ಬರುವಾಗಲೇ ಸೀಮೆಸುಣ್ಣದಿಂದ ಗುರುತಿಸಿ. ಹೆಚ್ಚಿನ ಮನೆಗಳಲ್ಲಿ ಸೋರುವುದು ಎರಡು ಮಾಡುಗಳು ಕೂಡುವ ತಗ್ಗಿನಲ್ಲಿ ಅಥವಾ ಮಂಗಗಳು ಓಡಾಡಿ ಹಂಚು ಸರಿದ ಕಡೆ. ತಗ್ಗಿಗೆ ಹಾಕಿದ ತಗಡು ತೂತು ಬಿದ್ದಿದ್ದರೆ ಅಗಲವಾದ ಅಲ್ಯುಮಿನಿಯಂ ತಗಡನ್ನು ಹಾಕಿಸಿದರೆ ಅರ್ಧ ಕೆಲಸ ಮುಗಿಯಿತು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ನಮ್ಮ ಮಾಡುಗಳಿಗೆ ಬಂದ ಹಂಚುಗಳು ಒಂದು ತಲೆಮಾರಿಗಿಂತ ಹೆಚ್ಚು ಬಾಳಿವೆ. ನಿಮ್ಮ ಹಂಚನ್ನು ಇಳಿಸಿದಾಗ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ; ಗಂಟೆಯಂತೆ ದನಿ ಕೊಟ್ಟದ್ದನ್ನು ಉಳಿಸಿ, ದನಿ ಒಡೆದದ್ದನ್ನು ಬಿಡಿ. ಪಾಚಿಯನ್ನು ಒಣ ಬ್ರಶ್ಶಿನಿಂದ ಉಜ್ಜಿದರೆ ಸಾಕು. ಜೋರಾಗಿ ನೀರು ಹಾಯಿಸುವ ಯಂತ್ರದಿಂದ ತೊಳೆದರೆ ಹಂಚಿನ ಮೇಲಿನ ಗಟ್ಟಿ ಮೈ ಸವೆದು ಹೋಗುತ್ತದೆ.

ಪಕ್ಕಾಸುಗಳನ್ನು ದಬ್ಬಣದಿಂದ ಚುಚ್ಚಿ ನೋಡಿ, ವಿಶೇಷವಾಗಿ ಗೋಡೆಯ ಮೇಲೆ ಕೂರುವ ತುದಿಗಳನ್ನು. ಒರಲೆ ಹೊರಗಿನ ಬಿಳಿ ಮರವನ್ನು ತಿಂದರೂ ಹಲಸಿನ ಚೇಗು (ಒಳಗಿನ ಗಟ್ಟಿ ಮರ) ಬಹಳ ಸಲ ಹಾಗೆಯೇ ಉಳಿದಿರುತ್ತದೆ. ದಬ್ಬಣ ಕಾಲಿಂಚಿಗೆ ನಿಂತರೆ ಆ ಪಕ್ಕಾಸನ್ನು ಕೆತ್ತಿ, ಔಷಧ ಬಳಿದು ಉಳಿಸಿಕೊಳ್ಳಿ. ಸುಲಭವಾಗಿ ಒಳಗಿಳಿದರೆ ಬದಲಿಸಿ. ಅರ್ಧಕ್ಕಿಂತ ಹೆಚ್ಚು ಹಾಳಾಗಿದ್ದರೆ ಪೈಪಿನ ಚೌಕಟ್ಟೇ ಆಗಲಿ. ಆಗ ಸತುವಿನ ಲೇಪವಿರುವ ಜಿಐ ಪೈಪನ್ನೇ ಕೇಳಿ, 2 ಮಿಲಿಮೀಟರಿಗಿಂತ ತೆಳುವಾದದ್ದು ಬೇಡ. ವೆಲ್ಡಿಂಗ್ ಮಾಡಿದ ಜಾಗದಲ್ಲಿ ಸತುವಿನ ಲೇಪ ಸುಟ್ಟುಹೋಗುವುದರಿಂದ ಅಲ್ಲಿ ಸತುವಿನ ಅಂಶ ಹೆಚ್ಚಿರುವ ಪ್ರೈಮರನ್ನು ಎರಡು ಸಲ ಬಳಿಸಿ, ಪೈಪಿನ ತುದಿಗಳನ್ನು ತಗಡು ಬೆಸೆದು ಮುಚ್ಚಿಸಿ. ತುದಿ ತೆರೆದಿದ್ದರೆ ತೇವ ಒಳಸೇರಿ ಕಣ್ಣಿಗೆ ಕಾಣದಂತೆ ಒಳಗಿನಿಂದ ತಿನ್ನುತ್ತದೆ. ರೀಪಿನ ಪೈಪುಗಳ ಅಂತರವನ್ನು ನಿಮ್ಮ ಹಳೆಯ ಹಂಚನ್ನೇ ಎರಡು ಸಾಲು ಜೋಡಿಸಿ ಅಳೆದು ಹೇಳಿ, ಅಂದಾಜಿನ ಮೇಲೆ ಬೆಸೆಯಲು ಬಿಡಬೇಡಿ. ಮಾಡಿನ ಇಳಿಜಾರನ್ನು ಕಡಿಮೆ ಮಾಡಿ ಪೈಪ್ ಉಳಿಸುವ ಸಲಹೆ ಬಂದರೆ ಒಪ್ಪಬೇಡಿ. ಎರಡು ಅಡಿ ಅಡ್ಡಳತೆಗೆ ಒಂದು ಅಡಿಯಾದರೂ ಏರಿಕೆ ಇರದಿದ್ದರೆ ಗಾಳಿಮಳೆಗೆ ನೀರು ಹಂಚಿನಡಿಗೆ ನುಗ್ಗುತ್ತದೆ.

ಹಾಗೆಯೇ, ಗೋಡೆಯ ಸಾರಣೆ ಅಲ್ಲಲ್ಲಿ ಉದುರಿದ್ದರೆ ಅಲ್ಲಿಗೆ ಸುಣ್ಣದ ಗಾರೆಯನ್ನೇ ಹಾಕಿಸಿ. ಮಣ್ಣಿನ ಗಾರೆಯ ಗೋಡೆ ಮಳೆಗಾಲದಲ್ಲಿ ಎಳೆದುಕೊಂಡ ತೇವವನ್ನು ಬೇಸಗೆಯಲ್ಲಿ ಹೊರಬಿಡಬೇಕು. ಸಿಮೆಂಟ್ ಸಾರಣೆ ಆ ದಾರಿಯನ್ನು ಮುಚ್ಚಿದರೆ ಒಳಗಿನ ಮಣ್ಣು ಹಸಿಯಾಗಿಯೇ ಉಳಿದು, ಎರಡು ಮೂರು ವರ್ಷಗಳಲ್ಲಿ ಸಾರಣೆ ಹಪ್ಪಳದಂತೆ ಉಬ್ಬಿ ಬೀಳುತ್ತದೆ.

ಪ್ರಶ್ನೆ: ತೋಟದಲ್ಲಿ ದೊಡ್ಡ ಹಲಸಿನ ಮರ ಗಾಳಿಗೆ ಬಿದ್ದಿದೆ. ಫೆಬ್ರವರಿಯಲ್ಲಿ ಗೃಹಪ್ರವೇಶ. ಅದನ್ನೇ ಬಾಗಿಲು ಕಿಟಕಿಗೆ ಬಳಸಬಹುದೇ? (ಓದುಗರೊಬ್ಬರು, ಮಂಜೇಶ್ವರ)

ಉತ್ತರ: ಮರ ಒಳ್ಳೆಯದು, ದಿನ ಸಾಲದು. ಈಗಲೇ ಸಿಗಿಸಿ, ಹಲಗೆ ಹಲಗೆಗಳ ನಡುವೆ ಒಂದೇ ದಪ್ಪದ ರೀಪು ತುಂಡುಗಳನ್ನಿಟ್ಟು, ಮಳೆ ಬೀಳದ ಆದರೆ ಗಾಳಿಯಾಡುವ ಕೊಟ್ಟಿಗೆಯಲ್ಲಿ ಪೇರಿಸಿ. ತುದಿಗಳು ಬೇಗ ಒಣಗಿ ಸೀಳದಂತೆ ಅವುಗಳಿಗೆ ಹಳೆಯ ಪೈಂಟನ್ನಾದರೂ ಬಳಿಯಿರಿ. ಒಂದು ಇಂಚಿನ ಹಲಗೆಗೇ ಹಲವು ತಿಂಗಳು ಬೇಕು, ಬಾಗಿಲಿನ ದಾರಂದಕ್ಕೆ (ಚೌಕಟ್ಟಿಗೆ) ಇನ್ನೂ ಹೆಚ್ಚು. ಗೃಹಪ್ರವೇಶಕ್ಕೆ ಮುಂಬಾಗಿಲೊಂದನ್ನು ಒಣಗಿದ ಮರ ಕೊಂಡು ಮಾಡಿಸಿ, ಒಳಬಾಗಿಲುಗಳಿಗೆ ನಿಮ್ಮ ಹಲಸನ್ನು ಮುಂದಿನ ವರ್ಷ ಬಳಸಿ. ಹಸಿ ಮರದಲ್ಲಿ ಮಾಡಿದ ಬಾಗಿಲು ಫೆಬ್ರವರಿಯಲ್ಲಿ ಸರಿಯಾಗಿ ಕೂತರೂ ಏಪ್ರಿಲಿಗೆ ಕುಗ್ಗಿ ಸಂದು ಬಿಡುತ್ತದೆ, ಜುಲೈಯಲ್ಲಿ ಉಬ್ಬಿ ದಾರಂದಕ್ಕೆ ಕಚ್ಚಿಕೊಳ್ಳುತ್ತದೆ.